ಬಚ್ಚಲ ಮೂಲೆಯ ಕುಂಕುಮ

ಕೋಟೆ ಪಟ್ಟಣದ ಬಸ್ ನಿಲ್ದಾಣದಲ್ಲಿ ಸರಗೂರು ಬಸ್ಸಿಗೆ ಕಾಯುತ್ತಿದ್ದ ಮಹೇಂದ್ರನ ಪಕ್ಕದಲ್ಲೇ ಬಸವಮ್ಮ ನಿಂಬೆಹಣ್ಣಿನ ಚೀಲ ಹಿಡಿದು ಕೂತಿದ್ದರು. ಜೊತೆಗೆ ಅವರ ಅಕ್ಕನ ಮಗಳು ಶಾಂತಲಾ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಿವಿಗೆ ಬಿದ್ದದ್ದನ್ನು ಅವನು ಬೇಡವೆನ್ನಲಿಲ್ಲ.

“ನನ್ ವಾರಗಿತ್ತಿ ಬಚ್ಚಲ ಮೂಲೇಲಿ ಕುಂಕುಮ ಎರಚವ್ಳೆ ಕಣವ್ವ. ಸರಗೂರಲ್ಲಿ ಮಾಟ ತೆಗೆಸ್ಕೊಂಡ್ ಬತ್ತೀನಿ.”

“ಮುಟ್ಟುದ್ರೆ ಪುಡಿ ಪುಡಿ ಇತ್ತಾ ಚಿಕ್ಕಮ್ಮ?”

“ಇಲ್ಲ, ಲೋಳೆ. ತಿಕ್ಕುದ್ರೆ ಓಯ್ತದೆ, ನಾಕ್ ದಿನಕ್ಕೆ ತಿರ್ಗಾ ಬತ್ತದೆ.”

“ಹತ್ತಿ ತರ ಎಳೆ ಎಳೆ?”

“ಅದು ಉಪ್ಪಿನಕಾಯಿ ಮ್ಯಾಲೆ ಬರೋ ಬೂಷ್ಟು. ಇದು ಅಂಗಿಲ್ಲ.”

“ಹಂಗಾರೆ ಬೂಷ್ಟೂ ಅಲ್ಲ, ಕುಂಕುಮಾನೂ ಅಲ್ಲ. ನೀರು ನಿಂತ ಕಡೆ ಕೆಂಪಗೆ ಬೆಳೆಯೋ ಬ್ಯಾಕ್ಟೀರಿಯಾ. ನಮ್ ಬಚ್ಚಲಲ್ಲೂ ಬತ್ತದೆ.”

“ನಿಮ್ ಬಚ್ಚಲಲ್ಲೂವಾ?”

“ಹೂಂ. ನಂಗೆ ವಾರಗಿತ್ತೀನೇ ಇಲ್ಲ.”

ಬಸವಮ್ಮ ನಿಂಬೆಹಣ್ಣಿನ ಚೀಲದ ಬಾಯಿ ಬಿಗಿದರು.

“ಬೀದಿ ಜನದ್ ಮುಂದೆ ಅವ್ಳ್ನ ಬೈದ್ಬುಟ್ಟಿವ್ನಿ ಕಣವ್ವ.”

ಸರಗೂರು ಬಸ್ಸು ಬಂತು. ಅವರಿಬ್ಬರೂ ಎದ್ದು, ಅದನ್ನು ಹತ್ತದೆ ತಮ್ಮೂರಿನ ಬಸ್ಸಿನತ್ತ ನಡೆದರು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಮಹೇಂದ್ರ ತಿರುಗಿ ನೋಡಿದ.

“ನಿಂಬೆಹಣ್ಣು ಏನ್ಮಾಡ್ತೀರಿ?”

“ಅವ್ಳ ಮನೇಗೇ ಓಗಿ ಶರಬತ್ತು ಮಾಡ್ತೀನಿ. ಮಾಟದ್ ನಿಂಬೆಹಣ್ಣು ಅಂದ್ಕೊಂಡಾಳು, ಮೊದ್ಲು ನಾನೇ ಕುಡ್ದು ತೋರುಸ್ತೀನಿ.”