ಬಾವಿಗೆ ಎಸೆದ ವಾಕರ್

ನಗಬೇಡಿ. ಆಸ್ಪತ್ರೆ ಹಿಂದಿನ ಹಾಳುಬಾವಿ ದಾರೀಲಿ ನಾನು ಈಗಲೂ ಹೋಗಲ್ಲ. ಇದು ನನ್ನ ದೊಡ್ಡಮ್ಮನ ಮಗಳಿಗೆ ಆಗಿದ್ದು. ಹೇಳುವಾಗ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬರುತ್ತೆ.

ಮಂಡಿ ಬದಲಾಯಿಸಿಕೊಂಡವರನ್ನ ಎಬ್ಬಿಸಿ ನಡೆಸೋದು ಅಕ್ಕನ ಕೆಲಸ. ಆಪರೇಷನ್‌ಗೆ ಮುಂಚೆ ಒಂದು ಫಾರಂ ತುಂಬಬೇಕು. ಅದರಲ್ಲೊಂದು ಸಾಲು: 'ವಾಕರ್ ಹಿಡಿಯಬಲ್ಲರೇ?' ಕೈಗೆ ಕೊಟ್ಟು ನೋಡಿ ಬರೀಬೇಕು. ದೊಡ್ಡ ಡಾಕ್ಟ್ರಿಗೆಲ್ಲಿ ಪುರುಸೊತ್ತು? "ಟಿಕ್ ಹಾಕಮ್ಮ, ನಡಿ" ಅಂತಾರೆ. ಆ ಮಹಾನುಭಾವರಿಗೆ ಮಂಡಿ ಮಾತ್ರ ಕಾಣೋದು. ಮಂಡಿ ಜೊತೆ ಮನುಷ್ಯರೂ ಬಂದಿರ್ತಾರೆ ಅನ್ನೋದು ಕಾಣಲ್ಲ. ಅಕ್ಕನೂ ಬಾಯಿ ಮುಚ್ಕೊಂಡು ಟಿಕ್ ಹಾಕ್ತಿದ್ಲು.

ಒಬ್ಬ ಟೈಲರಮ್ಮನಿಗೂ ಹಾಗೇ ಹಾಕಿದ್ಲು. ಇಪ್ಪತ್ತು ವರ್ಷದ ಸಂಧಿವಾತ, ಬೆರಳೆಲ್ಲ ಸೊಟ್ಟ, ಅಂಗೈ ಪೂರ್ತಿ ಮುಚ್ಚಲ್ಲ. ಮಂಡಿ ಹೊಸದಾಯ್ತು. ವಾಕರ್ ಹಿಡಿಯೋಕೆ ಕೈ ಎಲ್ಲಿತ್ತು? ಹಿಡಿಕೆ ದಪ್ಪ ಆದ್ರೆ ಸಿಗುತ್ತೇನೋ ಅಂತ ಎರಡು ದಿನ ಕೂತು ಹೂವಿನ ಬಟ್ಟೆ ಸುತ್ತಿ ಹೊಲಿದಿದ್ಲಂತೆ, ಪಾಪ. ಒಂಬತ್ತನೇ ದಿನ ಬಚ್ಚಲಲ್ಲಿ ವಾಕರ್ ಕೈಜಾರಿ ಬಿದ್ದು ಸತ್ತಳು. ಗಂಡ ಆ ವಾಕರನ್ನ ತಂದು, ಅಕ್ಕನ ಕಣ್ಣೆದುರೇ, ಆ ಬಾವಿಗೆ ಎಸೆದು ಹೋದ.

ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. ತಿಂಗಳಾದ ಮೇಲೆ ಒಬ್ಬ ಮಾಲಿ ಬಂದ. ಅದೇ ಕಾಯಿಲೆ, ಅದೇ ಸೊಟ್ಟ ಬೆರಳು. ಮಾರನೇ ದಿನ ಬೆಳಿಗ್ಗೆ ಆಪರೇಷನ್. ಅಕ್ಕ ಮತ್ತೆ ಟಿಕ್ ಹಾಕಿ, ಕೆಲಸ ಮುಗಿಸಿ, ಕತ್ತಲಲ್ಲಿ ಬಾವಿ ಪಕ್ಕದ ದಾರಿ ಹಿಡಿದಳು.

ತಪ್... ತಪ್... ಟಣ್.

ವಾಕರ್‌ ಸದ್ದು. ರಬ್ಬರ್ ಇರೋ ಕಾಲು... ರಬ್ಬರ್ ಬಿದ್ದುಹೋದ ಕಾಲು. ದಿನವೆಲ್ಲ ಅದೇ ಸದ್ದು ಕೇಳೋಳಿಗೆ ಗೊತ್ತಾಗಲ್ವಾ? ನಿಂತಳು. ಸದ್ದೂ ನಿಂತಿತು. ಆಮೇಲೆ ಕಿವಿ ಹತ್ತಿರ...

"ಅವನ ಕೈ ನೋಡಿದ್ಯಾ?"

"ಯಾ... ಯಾರು?"

"ನಂದೂ ನೋಡಿರ್ಲಿಲ್ಲ ನೀನು."

ಅಕ್ಕ ಓಡಿದಳು. ಮನೆಗಲ್ಲ, ವಾಪಸ್ ಆಸ್ಪತ್ರೆಗೆ.

ಸ್ಟೋರ್ ಕೀ ಅವಳ ಹತ್ತಿರವೇ ಇತ್ತು. ಬೀಗ ತೆಗೆದು, ಕತ್ತಲಲ್ಲಿ ಕೈಗೆ ಸಿಕ್ಕ ವಾಕರ್ ಎಳ್ಕೊಂಡು ಹೋಗಿ ಮಾಲಿಯನ್ನ ಎಬ್ಬಿಸಿದಳು. "ಹಿಡ್ಕೊಳ್ಳಿ ಅಣ್ಣ." ಒಂದು ಇಂಚೂ ಎತ್ತೋಕಾಗಲಿಲ್ಲ ಅವನಿಗೆ. ಆಗಲೇ ಡಾಕ್ಟ್ರಿಗೆ ಫೋನ್ ಮಾಡಿದಳು. "ಮೊಣಕೈ ಊರಿ ನಡೆಯೋ ವಾಕರ್ ತರ್ಸಿ ಸಾರ್. ಅದ್ರಲ್ಲಿ ನಡೆದು ರೂಢಿಯಾಗ್ಲಿ. ಆಮೇಲೆ ಮಂಡಿ ಮುಟ್ಟಿ." ಅವರು ಬೈದ್ರು. ಇವಳೂ ಬೈದಳು. ಆಪರೇಷನ್ ಮುಂದಕ್ಕೆ ಹೋಯ್ತು.

ಬೆಳಿಗ್ಗೆ ಅವಳನ್ನ ಕರ್ಕೊಂಡು ಬರೋಕೆ ನಾನೇ ಹೋಗಿದ್ದೆ. ಮಾಲಿಯ ಮಂಚದ ಪಕ್ಕ ಆ ವಾಕರ್ ನಿಂತಿತ್ತು. ಕೆಳಗೆ ನೆಲ ಒದ್ದೆ. ಸುಳ್ಳು ಹೇಳಿ ನನಗೇನಾಗಬೇಕು? ಈ ಕೈಯಲ್ಲೇ ಮುಟ್ಟಿ ನೋಡಿದ್ದೀನಿ. ಎರಡೂ ಹಿಡಿಕೆಗೆ ಹೂವಿನ ಬಟ್ಟೆ ಸುತ್ತಿ ಹೊಲಿದಿತ್ತು.