ಮೇಷ್ಟ್ರ ಸ, ನಮ್ಮ ಸ

ಹಲೋ... ಹಲೋ, ಯಾರ್ರೀ ಮಾತಾಡೋದು? ಹೊನ್ನಾಳಿ ಅಲ್ವಾ? ದೇವದಾನಪ್ಪ ಮೇಷ್ಟ್ರ ಮನೀನಾ?...

ಹಾಂ, ಅಂಜಿನಪ್ಪಣ್ಣ. ನಾನ್ರೀ, ಚನ್ನಗಿರಿ ಪ್ರೇಮಮ್ಮ. ಪೋಸ್ಟಾಫೀಸಿಂದ ಮಾಡ್ತಿದೀನಿ. ಈ ಟ್ರಂಕ್ ಕಾಲ್ ಸಿಗಾಕೆ ಬೆಳಿಗ್ಗೆಯಿಂದ ಕುಂತು ಸೊಂಟ ಬಿದ್ದೋತು. ಮೇಷ್ಟ್ರು ಹೆಂಗದಾರೆ?...

ಇನ್ನೂ ಮಾತೇ ಇಲ್ವಾ? ಲಕ್ವ ಹೊಡೆದು ಮೂರು ತಿಂಗ್ಳಾತಲ್ರೀ... ಏನು? ಈ ವಾರ ದಾಟೋದು ಕಷ್ಟ ಅಂದ್ರಾ ಡಾಕ್ಟ್ರು?... ಕಿವಿ ಕೇಳ್ತೈತಲ್ಲ, ಅಷ್ಟು ಸಾಕು. ಇವತ್ತು ಸಂಜೆ ಅವ್ರು ರಾಗ ಹಾಕಿದ ಕೀರ್ತನೆ ಕೇಳಿದ್ರೆ ಸಾಕು.

ಹೂಂ, ನಮ್ಮ ಚರ್ಚಿನ ಆರೂ ಜನ ಹೆಂಗಸ್ರು ಬಸ್ ಸ್ಟ್ಯಾಂಡಿನಾಗೆ ಕುಂತಾರೆ. ಐದೂವರೆಗೆ ನಿಮ್ಮೂರಾಗೆ ಇರ್ತೀವಿ. ಉಳಿದ ದನಿ ಹಾಡೋ ಜಗಳೂರೋರು, ನ್ಯಾಮತಿಯೋರು ಬಂದ್ರಾ?...

ಇಲ್ಲೇ ಹಾಡ್ಬೇಕಾ? ಪೋಸ್ಟಾಫೀಸಿನಾಗೆ? ಎಲ್ರೂ ನೋಡ್ತಾರ್ರೀ... ಆಯ್ತು, ಶ್ರುತಿ ನೋಡಾಕೆ ಒಂದೇ ಸಾಲು. "ಬೆಟ್ಟದ ಕಡೆ ಕಣ್ಣೆತ್ತುವೆನು..."

ಯಾಕ್ರೀ ನಿಲ್ಸಂದ್ರಿ?... ತಪ್ಪಾ? ಏನ್ ತಪ್ಪು? ಎರಡು ತಿಂಗಳು ಕಲ್ತಿದ್ದು ಕಣ್ರೀ. ಮೇಷ್ಟ್ರು ಹಾಸಿಗೆ ಹಿಡಿಯಾಕೆ ಮೊದ್ಲು ಬರ್ದು ಕಳ್ಸಿದ್ದ ಕಾಗ್ದ ಕೈಯಾಗೇ ಐತೆ. ಓದ್ತೀನಿ, ಕೇಳ್ರಿ. ಸ, ದ, ರ, ಮ...

ಸ ಅಂದ್ರೆ ಸಾನೇ ಅಲ್ವಾ?... ಅಲ್ವಾ?... ಹಾಂ? ದ ಅಂದ್ರೆ ಶುರುವಿನ ಸ್ವರ? ಅವ್ರ ಸ ಅಂದ್ರೆ ನಮ್ಮ ಪ? ಅದು ಇಂಗ್ಲಿಷ್‌ನೋರ ದೋ-ರೇ-ಮೀ ಸ್ವರಾನಾ?... ಅಯ್ಯೋ ದೇವ್ರೇ.

ನಮಗ್ಯಾರು ಹೇಳಿದ್ರು ರೀ? ಯಾವಾಗ್ಲೂ ಮೇಷ್ಟ್ರೇ ಬಂದು ಬಾಯಲ್ಲಿ ಕಲಿಸೋರು. ಈ ಸಲ ಕಾಗ್ದ ಬಂತು. ಸ್ವರ ಓದಾಕೆ ಬರಲ್ಲ ಅಂತ ನಾನೇ ಹೋಗಿ ನಾಟ್ಕದ ಹಾರ್ಮೋನಿಯಂ ಉಚ್ಚಂಗೆಪ್ಪಗೆ ತೋರಿಸ್ದೆ. ಆತ ಸ ಅಂದ್ರೆ ಸಾ ಅಂತ್ಲೇ ಬಾರಿಸ್ದ. ನಡುವೆ ಲ ಅಂತ ಐತಲ್ಲ, ಇದ್ಯಾವ ಸ್ವರ ಅಂದ್ರೆ, ವಯಸ್ಸಾದೋರು, ಕೈ ನಡುಗಿ ನ ಹಿಂಗಾಗೈತೆ ಅಂತ ಎಲ್ಲಾ ಲನೂ ತಿದ್ದಿ ನ ಮಾಡ್ಬಿಟ್ಟ. ಎಂಥಾ ರಾಗ ಅಂತ ನಮ್ಮ ಗುಂಪಿನ ಗಿಡ್ಡಮ್ಮ ಕಣ್ಣೀರು ಬ್ಯಾರೆ ಹಾಕಿದ್ಲು.

ನಗಬ್ಯಾಡ್ರಿ ಅಣ್ಣ... ನಗ್ತಿಲ್ವಾ? ಅಳ್ತಿದೀರಾ?...

ಹಂಗಾರೆ ನೀವೇ ಕಲಿಸ್ರಿ, ಬಂದ ಕೂಡ್ಲೆ... ನಿಮಗೆ ನಿಮ್ಮ ಹೊನ್ನಾಳಿಯೋರ ದನಿ ಒಂದೇ ಬಾಯಿಪಾಠನಾ? ಅಕ್ಷರ ಹಿಡಿದು ಹಾಡಾಕೆ ಅವ್ರೊಬ್ರಿಗೇ ಬರೋದಾ? ಮುಖ್ಯ ರಾಗನೇ ನಮ್ದಲ್ವೇನ್ರೀ? ನಾವು ಬಾಯಿ ಮುಚ್ಕಂಡ್ರೆ ಕೀರ್ತನೆ ಇಲ್ಲ, ಬಾಯಿ ಬಿಟ್ರೆ ಕೆಡ್ತೈತೆ. ಬಸ್ಸಿಗೆ ಇನ್ನು ಹತ್ತೇ ನಿಮಿಷ. ಏನ್ ಮಾಡ್ಲಿ ಹೇಳ್ರಿ...

ಬ್ಯಾಡ, ಅವ್ರ ಕಿವೀಗೆ ಫೋನ್ ಇಡಬ್ಯಾಡ್ರಿ. ಯಾವ ಬಾಯಲ್ಲಿ ಹೇಳ್ಲಿ ನಾನು... ಇಟ್ರಾ?

ಮೇಷ್ಟ್ರೇ... ನಾನು, ಪ್ರೇಮ. ಇಪ್ಪತ್ತು ವರ್ಷ ಕುಂತು ಬರ್ದಿದ್ದು, ನಾಲ್ಕು ದನೀನೂ ಕೂಡಿದ್ದು ಒಂದ್ಸಲ ಕೇಳಿ ಕಣ್ಮುಚ್ತೀನಿ ಅಂದಿದ್ರಿ. ನಾನು ಕೆಡಿಸ್ಬಿಟ್ಟೆ ಮೇಷ್ಟ್ರೇ. ತಪ್ಪಾತು. ಬೈದ್ರೂ ಸಮಾಧಾನ ಆಗೋದು, ಬೈಯಾಕೂ ನಿಮ್ ಕೈಲಿ ಆಗಲ್ಲ...

ಉಸಿರು ಕೇಳ್ತೈತೆ...

ಏನು?... ಮೇಷ್ಟ್ರೇ, ನೀವಾ ಗುನುಗ್ತಿರೋದು? ಮಾತು ಬರಲ್ಲ ಅಂದ್ರಲ್ಲ... ಹೂಂ. ಹೂಂ. ಮೆಲ್ಲಗೆ. ಮ್ಮ್... ಮ್ಮ್ಮ್... ಹಿಂಗಾ? ಇದಾ ರಾಗ? ಇಷ್ಟು ಸಲೀಸಾಗಿ, ನೆಟ್ಟಗೆ ಮೇಲಕ್ಕೆ ಹೋಗ್ತೈತಲ್ಲ... ಬಂತು ಮೇಷ್ಟ್ರೇ, ಮೊದಲ್ನೇ ಸಾಲು ನನಗೆ ಬಂತು. ಇನ್ನೂ ಏಳು ಸಾಲು ಐತೆ, ನಿಲ್ಲಿಸಬ್ಯಾಡ್ರಿ. ಎರಡನೇದು...

ಆಪರೇಟರಮ್ಮ, ತಡೀರಿ, ನಡುವೆ ಬರಬ್ಯಾಡ್ರಿ. ಇನ್ನು ಮೂರು ನಿಮಿಷ ಕೊಡ್ರಿ, ನಿಮ್ ಕಾಲು ಹಿಡೀತೀನಿ... ಮೇಷ್ಟ್ರೇ, ಎರಡನೇ ಸಾಲು... ಹಲೋ... ಮೇಷ್ಟ್ರೇ?... ಲೈನ್ ಕಟ್ಟಾತಾ?... ಹಲೋ...