ದೆವ್ವದ ಮನೆಗೆ ಬಾಡಿಗೆದಾರ

ಮನೆ ದಲ್ಲಾಳಿಯ ಕಚೇರಿಯಲ್ಲಿ ಸರದಿ ಕಾಯುತ್ತಿದ್ದ ಮೇಷ್ಟ್ರು ಪೇಪರಿನ ಮರೆಯಿಂದ ಕಿವಿಯನ್ನಷ್ಟೇ ಹೊರಗಿಟ್ಟರು. ಪಕ್ಕದ ಬೆಂಚಿನಲ್ಲಿ ಮನೆಯೊಡತಿ ಅಜ್ಜಿಯೂ, ಟಿವಿ ಚಾನೆಲ್ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡ ನಿರೂಪಕನೂ ಕೂತಿದ್ದರು.

“ಅಯ್ಯೋ, ನೀನಾ! ‘ಈ ಮನೆಯೊಳಗಿದೆ ದೆವ್ವ! ನೋಡ್ತಾನೇ ಇರಿ!’ ಅಂತ ನನ್ನ ಬಾಗಿಲ ಮುಂದೆ ಬಾಯಿ ಬಡ್ಕೊಂಡೋನು?”

“ಅದು ಆಗಿನ ಕಾಲ, ಅಜ್ಜಿ.”

“ಅವತ್ತಿಂದ ಒಂದು ನರಪಿಳ್ಳೆ ಬಾಡಿಗೆಗೆ ಬಂದಿಲ್ಲ.”

“ಅದಕ್ಕೇ ಅಗ್ಗಕ್ಕೆ ಸಿಗುತ್ತೆ ಅಂತ ಬಂದೆ. ಹೆಂಡ್ತಿ ಮಕ್ಕಳು ಸಾಮಾನಿನ ಜೊತೆ ಬೀದೀಲಿ ನಿಂತಿದಾರೆ.”

“ಭಯ ಇಲ್ವಾ?”

“ಅವತ್ತು ದೆವ್ವ ಅಂತ ಕಿಟಕೀಲಿ ತೋರಿಸಿದ ನೆರಳು ನಮ್ಮ ಕ್ಯಾಮೆರಾದವನ್ದು.”

“ಹಾಗಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿ ಹೇಳು.”

“ನಾನು ಹೇಳಿದ್ರೆ ಈಗ ಯಾರು ನಂಬ್ತಾರೆ, ಅಜ್ಜಿ?”

ಅಜ್ಜಿ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ ಎದ್ದರು.

“ನಡಿ. ಇಷ್ಟು ದಿನ ಇಲ್ದಿದ್ದ ದೆವ್ವ ಇವತ್ತು ಸಂಸಾರ ಸಮೇತ ಬರ್ತಾ ಇದೆ.”